ಮೂವತ್ತೈದು ದಿನದ ಮನೆ

ಓಬಳರಾಜುವಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರಲಿಲ್ಲ.

ಪಾವಗಡದಲ್ಲಿ ಅವನಿದ್ದದ್ದು ಶೀಟ್ ಹೊದಿಸಿದ ಒಂದೇ ರೂಮು. ಸೋಲಾರ್ ಪಾರ್ಕಿನಲ್ಲಿ ಕಾಂಟ್ರಾಕ್ಟ್ ಮೇಲೆ ಪ್ಯಾನಲ್ ತೊಳೆಯುವ ಇನ್ನೂ ನಾಲ್ವರು ಅದರಲ್ಲೇ ಇದ್ದರು. ಸಂಜೆ ಕೆಲಸ ಮುಗಿಸಿ ಬಂದರೆ ಗೋಡೆಗೆ ಒರಗಿ ಮೊಬೈಲಿನಲ್ಲಿ ‘ಏಳುದ್ವೀಪ’ ಎಂಬ ಆಟ ಆಡುತ್ತಿದ್ದ. ಅಲ್ಲೂ ಅವನಿಗೆ ಮನೆ ಇರಲಿಲ್ಲ. ಆ ಸರ್ವರಿನಲ್ಲಿ ಆಡುವವರು ಮೂವತ್ತು ಸಾವಿರ ಜನ. ಮನೆ ಕಟ್ಟುವ ಸೈಟುಗಳು ಏಳುನೂರ ಇಪ್ಪತ್ತು. ಎಷ್ಟು ಗೋಗರೆದರೂ ಏಳುನೂರ ಇಪ್ಪತ್ತೊಂದನೆಯದು ಹುಟ್ಟುತ್ತಿರಲಿಲ್ಲ.

ಯಾರಾದರೂ ಆಟ ಬಿಟ್ಟು ಮೂವತ್ತೈದು ದಿನ ಮನೆಗೆ ಕಾಲಿಡದಿದ್ದರೆ ಆ ಮನೆ ಬಿದ್ದುಹೋಗುತ್ತಿತ್ತು. ಖಾಲಿ ಸೈಟಿನ ಮುಂದೆ ಒಂದು ಬೋರ್ಡು ಏಳುತ್ತಿತ್ತು. ಅದು ಯಾವ ಗಳಿಗೆಯಲ್ಲಿ ತೆರೆಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಜನ ಮುಂದೆ ನಿಂತು ಬೋರ್ಡನ್ನು ಒತ್ತುತ್ತಲೇ ಇರುತ್ತಿದ್ದರು. ತೆರೆದ ಗಳಿಗೆಯಲ್ಲಿ ಯಾರ ಬೆರಳು ಬಿತ್ತೋ, ಮನೆ ಅವರದು.

ಸಮುದ್ರದ ಪಕ್ಕದ ಒಂದು ಸೈಟು ಖಾಲಿಯಾದ ದಿನ ಓಬಳರಾಜು ಓಡಿಹೋಗಿ ನಿಂತ. ಅವನ ಮುಂದೆ ಗಿರಿಜಾ ಮೀಸೆಯ ಒಬ್ಬ ದಢೂತಿ ಸಿಪಾಯಿ ನಿಂತಿದ್ದ. ತಲೆಯ ಮೇಲೆ ಹೆಸರು: ಕಡ್ಲೆಕಾಯಿ.

“ಲೇ ಕಡ್ಲೆಕಾಯಿ, ಪಕ್ಕಕ್ಕೆ ಬಾರ್ಲಾ. ಬೋರ್ಡೇ ಕಾಣ್ತಿಲ್ಲ,” ಎಂದು ಟೈಪ್ ಮಾಡಿದ.

“ನಿನ್ನ ಕಣ್ಣು ಸರಿಯಿಲ್ದಿದ್ರೆ ನಾನೇನ್ ಮಾಡ್ಲಿ, ಕರಡಿ?” ಎಂದು ಉತ್ತರ ಬಂತು. ಆಟದಲ್ಲಿ ಓಬಳರಾಜುವಿನ ವೇಷ ಕರಡಿಯದು.

“ಯಾವೂರ್ಲಾ ನಿಂದು, ಇಷ್ಟು ಕೊಬ್ಬು?”

“ಹೊಳವನಹಳ್ಳಿ. ಕೊರಟಗೆರೆ ತಾಲ್ಲೂಕು. ನಿಂದು?”

ಓಬಳರಾಜುವಿನ ಬೆರಳು ನಿಂತಿತು. ಆಮೇಲೆ ಗಡಿನಾಡಿನ ತೆಲುಗಿನಲ್ಲೇ ಅಚ್ಚರಿ ಹೊರಬಿತ್ತು. “ಏಂದಬ್ಬಾ ಇದಿ! ನಾನು ಪಾವಗಡ ಕಣ್ಲಾ, ಒಂದೇ ಜಿಲ್ಲೆ!”

ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರು ಒತ್ತುವುದು. ಯಾರಿಗೆ ಸಿಕ್ಕರೂ ಇನ್ನೊಬ್ಬರನ್ನು ಜೊತೆಗಾರನೆಂದು ಸೇರಿಸಿಕೊಳ್ಳುವುದು. ಮೂರು ದಿನ ಹೀಗೇ ನಡೆಯಿತು. ಮೂರನೆಯ ದಿನ ಟೈಪ್ ಮಾಡಿ ಬೆರಳು ಸೋತು ಓಬಳರಾಜು ಮೈಕ್ ಹಾಕಿದ.

“ಲೇ, ಉಂಡ್ಕೊಂಡು ಬಾರ್ಲಾ, ನಾನ್ ಒತ್ತಿರ್ತೀನಿ.”

“ಉಂಡಾಯ್ತು,” ಎಂದಿತು ಒಂದು ಹುಡುಗಿಯ ದನಿ. “ಮೂರ್ ದಿನದಿಂದ ಲಾ ಅಂತಿದೀಯ, ಇನ್ ಸಾಕು. ನನ್ನ ಹೆಸರು ಗಂಗಲಕ್ಷ್ಮಿ.”

ಅವನು ಒತ್ತುವುದನ್ನು ಮರೆತ. ಆ ಗಳಿಗೆಯಲ್ಲೇ ಬೋರ್ಡು ತೆರೆಯಿತು.

“ಸಿಕ್ತು! ಸಿಕ್ತು ಕಣೋ ಕರಡಿ! ನೀನ್ಯಾಕೆ ಒತ್ತಲಿಲ್ಲ?”

“ಮರ್ತೋಯ್ತು.”

“ಹುಡುಗಿ ದನಿ ಕೇಳಿದ್ದಕ್ಕೇ ಇಂಗಾದ್ರೆ, ಮುಖ ನೋಡಿದ್ರೆ ಉಸಿರಾಡೋದೂ ಮರ್ತೋಗ್ತೀಯ.”

*

ಗಂಗಲಕ್ಷ್ಮಿ ಕೊರಟಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಊರಿನ ಮನೆಯಲ್ಲಿ ಎರಡು ಕೋಣೆ, ಎಂಟು ಜನ. ಅವಳು ಫೋನ್ ಹಿಡಿದರೆ ಅಜ್ಜಿ ಕಾಟಮ್ಮ ಪಕ್ಕದಲ್ಲೇ ಕೂತು, “ಯಾರದು, ಏನಂತೆ,” ಎಂದು ವಿಚಾರಿಸುತ್ತಿದ್ದರು. ಅಪ್ಪ ಇರಲಿಲ್ಲ, ದೊಡ್ಡಪ್ಪ ಕದರಪ್ಪನದೇ ಯಜಮಾನಿಕೆ.

ಸಮುದ್ರದ ಪಕ್ಕದ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಅವಳು ಮಾಲೀಕಳು, ಅವನು ಜೊತೆಗಾರ. ಮಧ್ಯಾಹ್ನ ಒಂದರಿಂದ ಎರಡು ಗಂಟೆ, ಆಮೇಲೆ ಸಂಜೆ ಅವಳು ಬಸ್ಸಿನಲ್ಲಿರುವಷ್ಟು ಹೊತ್ತು, ಇಬ್ಬರೂ ಅಲ್ಲಿರುತ್ತಿದ್ದರು. ಮಂಚ ಎಲ್ಲಿ ಹಾಕಬೇಕು ಎಂದು ಒಂದು ವಾರ ಜಗಳ ಆಡಿದರು.

“ಕಿಟಕಿ ಪಕ್ಕ ಹಾಕು. ಎದ್ದ ತಕ್ಷಣ ಸಮುದ್ರ ಕಾಣ್ಲಿ.”

“ಸಮುದ್ರ ನೋಡಿದೀಯಾ ನೀನು?”

“ಇಲ್ಲ. ನೀನು?”

“ನಾನೂ ಇಲ್ಲ.”

ಕೆಲವು ದಿನ ಅವಳು, “ಬಾಗ್ಲು ಹಾಕ್ಲಾ?” ಎಂದು ಕೇಳುತ್ತಿದ್ದಳು. ಅವನು “ಹಾಕು,” ಎನ್ನುತ್ತಿದ್ದ. ಮುಚ್ಚಿದ ಬಾಗಿಲಿನ ಹಿಂದೆ ಮೀಸೆಯ ಸಿಪಾಯಿಯೂ ಕರಡಿಯೂ ಎದುರುಬದುರು ಕೂತು ಏನೂ ಮಾತಾಡದೆ ಇರುತ್ತಿದ್ದವು. ಇತ್ತ ಅವನು ಗೋಡೆಯ ಕಡೆ ತಿರುಗಿ ಫೋನನ್ನು ಎದೆಯ ಹತ್ತಿರ ಹಿಡಿದಿರುತ್ತಿದ್ದ. ರೂಮಿನ ನಾಲ್ವರಲ್ಲಿ ಒಬ್ಬ ಸಾಂಬಾರಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದ.

ಆರು ತಿಂಗಳಾದ ಮೇಲೆ ಒಂದು ಭಾನುವಾರ ಸಿದ್ದರಬೆಟ್ಟದಲ್ಲಿ ಮೊದಲ ಸಲ ಭೇಟಿಯಾದರು. ಮೆಟ್ಟಿಲ ಬುಡದಲ್ಲಿ ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅವನು ಅವಳ ಚಪ್ಪಲಿ ನೋಡಿದ, ದುಪಟ್ಟಾದ ಅಂಚು ನೋಡಿದ, ಮುಖ ನೋಡಲು ಇಪ್ಪತ್ತು ಮೆಟ್ಟಿಲು ಬೇಕಾಯಿತು. ನೋಡಿದಾಗ ಅವಳು ನೋಡುತ್ತಲೇ ಇದ್ದಳು.

“ಉಸಿರಾಡ್ತಿದೀಯಾ?”

“ಹತ್ತಿದ್ದಕ್ಕೆ ಏದುಸ್ರು.”

“ಇಪ್ಪತ್ತೇ ಮೆಟ್ಲಿಗಾ?”

ಅರ್ಧ ದಾರಿಯಲ್ಲಿ ಬಂಡೆಯ ನೆರಳಿನಲ್ಲಿ ಕೂತರು. ಇಬ್ಬರ ಕೈಗಳ ನಡುವೆ ಒಂದು ಗೇಣು ಕಲ್ಲು ಇತ್ತು. ಅವಳ ತೋರುಬೆರಳು ಬೋರ್ಡು ಒತ್ತುವ ಹಾಗೆ ಆ ಕಲ್ಲನ್ನು ಒತ್ತುತ್ತಲೇ ಇತ್ತು. ಅವನು ತನ್ನ ಕೈಯನ್ನು ಅದರ ಮೇಲಿಟ್ಟ. ಬೆರಳು ನಿಂತಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

*

ಮುಂದಿನ ತಿಂಗಳು ಅದೇ ಬಂಡೆಯ ಹತ್ತಿರ ಅವಳು ನೇರವಾಗಿ ಹೇಳಿದಳು.

“ಪಟ್ಟನಾಯಕನಹಳ್ಳಿ ಕಡೆಯಿಂದ ಗಂಡು ನೋಡಿದಾರೆ. ನೀನು ಬಂದು ದೊಡ್ಡಪ್ಪನ್ನ ಕೇಳು.”

“ಕೇಳ್ತೀನಿ. ಸ್ವಲ್ಪ ಟೈಮ್ ಕೊಡು.”

“ಯಾತಕ್ಕೆ?”

“ಏನಂತ ಕೇಳ್ಲಿ ಗಂಗಾ? ಐದು ಜನ ಒಂದ್ರೂಮಲ್ಲಿ ಇದೀವಿ. ತೋರ್ಸಕ್ಕೆ ಒಂದ್ ಮನೆ ಇಲ್ಲ.”

“ಮನೇನ ಮದ್ವೆ ಆಗ್ತೀನಾ ನಾನು?”

“ನಿಂಗೆ ಅರ್ಥ ಆಗಲ್ಲ.”

ಅವಳು ಎದ್ದಳು. “ಇನ್ನು ಆ ಸಮುದ್ರದ ಮನೆಗೆ ನಾನು ಕಾಲಿಡಲ್ಲ. ನೀನು ಹೊಳವನಹಳ್ಳಿಗೆ ಬರೋವರ್ಗೂ.” ಹೇಳಿ ಮೆಟ್ಟಿಲಿಳಿದು ಹೋದಳು.

ಅವಳು ಕೊಟ್ಟದ್ದು ಗಡುವು. ಅವನಿಗೆ ಅದು ಮುನಿಸಿನಂತೆ ಕಂಡಿತು.

ಅವನು ದಿನವೂ ಆ ಮನೆಗೆ ಹೋದ. ಮೂವತ್ತೈದು ದಿನದೊಳಗೆ ಒಬ್ಬರು ಒಳಗೆ ಬಂದರೆ ಮನೆ ಉಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದ. ನಿಯಮ ತೆಗೆದು ಓದಿರಲಿಲ್ಲ. ಕುಂಡಗಳಿಗೆ ನೀರು ಹಾಕಿದ, ದೀಪ ಹಚ್ಚಿದ, ಎದುರಿನ ಖಾಲಿ ಜಾಗ ನೋಡಿಕೊಂಡು ಕೂತ. ಬೇಸರವಾದರೆ ಎದ್ದು ಸುತ್ತಾಡಿ ಮತ್ತೆ ಬಂದು ಕೂತ. ಕೆಲಸದಲ್ಲಿ ಒಂದೇ ಪ್ಯಾನಲನ್ನು ಎರಡು ಸಲ ತೊಳೆದು ಬೈಸಿಕೊಂಡ. ಅವಳ ಮೆಸೇಜಿಗಾಗಿ ಗಂಟೆಗೆ ಹತ್ತು ಸಲ ಫೋನ್ ತೆಗೆದ. “ಬಂದ್ಯಾ?” ಎಂಬುದೊಂದೇ ಬರುತ್ತಿತ್ತು. “ಬರ್ತೀನಿ,” ಎಂದು ಹಾಕುತ್ತಿದ್ದ. ಮೇಸ್ತ್ರಿಯ ಹತ್ತಿರ ರಜೆ ಕೇಳಬೇಕೆಂದುಕೊಳ್ಳುತ್ತಿದ್ದ, ಕೇಳುತ್ತಿರಲಿಲ್ಲ. ಆ ಮನೆ ನಿಂತಿರುವ ತನಕ ಏನೂ ಕೆಟ್ಟಿಲ್ಲ ಎಂದು ಅವನ ಲೆಕ್ಕ.

ಒಂದು ಬುಧವಾರ ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟು ಆಟ ತೆರೆದ. ಮನೆ ಇರಲಿಲ್ಲ. ಬರೀ ಮಣ್ಣು, ಮುಂದೆ ಬೋರ್ಡು. ಅದರ ಮುಂದೆ ನಲವತ್ತು ಜನ ಅಪರಿಚಿತರು ನಿಂತು ಒತ್ತುತ್ತಿದ್ದರು.

ಆಗ ನಿಯಮ ತೆಗೆದು ಓದಿದ. ಮಾಲೀಕರು ಬಂದರಷ್ಟೇ ಲೆಕ್ಕ. ಜೊತೆಗಾರ ದಿನಕ್ಕೆ ನೂರು ಸಲ ಬಂದರೂ ಲೆಕ್ಕಕ್ಕಿಲ್ಲ.

ಡಬ್ಬಿಯನ್ನು ಅಲ್ಲೇ ಬಿಟ್ಟ. ಮೇಸ್ತ್ರಿ ಶಂಕರಲಿಂಗಪ್ಪ, “ಎಕ್ಕಡಿಕಿರಾ?” ಎಂದು ತೆಲುಗಿನಲ್ಲಿ ಕೂಗಿದ. “ಹೊಳವನಹಳ್ಳಿಕಿ,” ಎಂದು ಹೇಳಿ ಬಸ್ ಹತ್ತಿದ. ಮಧುಗಿರಿಯಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಅವನಿಗೆ ಕೂರಲಾಗಲಿಲ್ಲ. ಇಳಿದ, ಹತ್ತಿದ, ಮತ್ತೆ ಇಳಿದ. “ಏನಣ್ಣ, ಬರ್ತೀಯೋ ಇಲ್ವೋ?” ಎಂದು ಕಂಡಕ್ಟರ್ ಕೇಳಿದ.

*

ಕದರಪ್ಪ ಜಗಲಿಯ ಮೇಲೆ ಕೂತಿದ್ದರು. ಅವನು ನಿಂತೇ ಹೇಳಿದ.

“ನಾನು ಓಬಳರಾಜು. ಪಾವಗಡದೋನು. ಗಂಗಲಕ್ಷ್ಮಿನ ಮದ್ವೆ ಆಗ್ಬೇಕು ಅಂತ ಕೇಳಕ್ಕೆ ಬಂದೆ.”

ಕದರಪ್ಪ ಅವನ ಬೂಟಿಗೆ ಅಂಟಿದ್ದ ಕೆಂಪು ಮಣ್ಣನ್ನು ನೋಡಿದರು. ಮೊದಲು ಜಾತಿ ಕೇಳಿದರು. ಹೇಳಿದ. ಒಂದೇ ಆಗಿತ್ತು. ಬೇರೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಸ್ವಂತ ಮನೆ ಐತೇನಪ್ಪ?”

“ಇತ್ತು. ಇವತ್ತು ಬಿದ್ದೋಯ್ತು.”

“ಅಯ್ಯೋ! ಮಳೇನೇ ಇಲ್ವಲ್ಲೋ, ಹೆಂಗ್ ಬಿತ್ತು? ಯಾರ್ಗೂ ಏಟಾಗ್ಲಿಲ್ಲ ತಾನೆ?” ಎಂದು ಒಳಗಿನಿಂದ ಕಾಟಮ್ಮ ಕೂಗಿದರು.

ಬಾಗಿಲ ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸ್ವಲ್ಪ ಹೊತ್ತಿನ ಮೇಲೆ ಗಂಗಲಕ್ಷ್ಮಿ ನೀರಿನ ಚೊಂಬು ಹಿಡಿದು ಬಂದಳು. ಆಗಷ್ಟೇ ಕೆಲಸದಿಂದ ಬಂದಿದ್ದಳು. ಬ್ಯಾಗು ಇನ್ನೂ ಹೆಗಲ ಮೇಲಿತ್ತು. ಕಣ್ಣಿನಲ್ಲಿ ನೀರೂ ಇತ್ತು.

“ಇಲ್ಲ ಅಂತ ನೆಟ್ಟಗೆ ಹೇಳೋ,” ಎಂದಳು ಅವನಿಗೆ.

“ಇಲ್ಲ,” ಎಂದ ಅವನು ಕದರಪ್ಪನಿಗೆ. “ಸ್ವಂತದ್ದು ಇಲ್ಲ. ಬಾಡಿಗೆಗೆ ನೋಡ್ತೀನಿ.”

ಕದರಪ್ಪ ಅವಳ ಕಡೆ ತಿರುಗಿದರು. “ಇದಕ್ಕೇನಾ ನೀನು ಐದು ವಾರದಿಂದ ಪಟ್ಟನಾಯಕನಹಳ್ಳಿಯೋರ್ಗೆ ಆಮೇಲೆ ಆಮೇಲೆ ಅಂತಿದ್ದಿದ್ದು?”

“ಹ್ಞೂಂ ದೊಡ್ಡಪ್ಪ.”

ಅವರು ಮತ್ತೆ ಓಬಳರಾಜುವಿನ ಕಡೆ ತಿರುಗಿದರು. “ಬಾಡಿಗೆ ಮನೆ ನೋಡು. ನೋಡಿ, ನಿಮ್ಮೋರ್ನ ಕರ್ಕಂಡ್ ಬಾ. ಪಟ್ಟನಾಯಕನಹಳ್ಳಿಯೋರ್ಗೆ ಬ್ಯಾಡ ಅಂತ ಹೇಳಿ ಕಳುಸ್ತೀನಿ.”

ಬಸ್ ಸ್ಟಾಪಿನವರೆಗೆ ಅವಳು ಜೊತೆಗೆ ಬಂದಳು. ಊರೆಲ್ಲ ನೋಡುತ್ತಿತ್ತು, ಅವಳು ತಲೆ ತಗ್ಗಿಸಲಿಲ್ಲ.

“ನನಗೋಸ್ಕರ ಬಂದ್ಯಾ, ಮನೆ ಬಿತ್ತು ಅಂತ ಬಂದ್ಯಾ?”

“ಮನೆ ಬಿತ್ತು ಅಂತ್ಲೇ ಬಂದೆ,” ಎಂದ. “ನಿಂತಿದ್ದಿದ್ರೆ ಇನ್ನೂ ಅಲ್ಲೇ ಕೂತಿರ್ತಿದ್ದೆ.”

ಅವಳು ಅವನ ಮುಖವನ್ನೇ ನೋಡಿದಳು. “ಸುಳ್ಳು ಹೇಳಿದ್ರೆ ವಾಪಸ್ ಕಳಿಸ್ತಿದ್ದೆ. ಮೂವತ್ನಾಲ್ಕನೇ ದಿನ ಸಮುದ್ರದ ಮನೆ ಬೇಲಿವರ್ಗೂ ಬಂದಿದ್ದೆ ಕಣೋ. ಒಳಗಡೆ ನೀನು ಗಿಡಕ್ಕೆ ನೀರ್ ಹಾಕ್ತಿದ್ದೆ. ಒಂದ್ ಹೆಜ್ಜೆ ಇಟ್ಟಿದ್ರೆ ಉಳೀತಿತ್ತು.”

“ಯಾಕಿಡ್ಲಿಲ್ಲ?”

“ಇಟ್ಟಿದ್ರೆ ನೀನು ಬರ್ತಿರ್ಲಿಲ್ಲ.”

ಬಸ್ಸು ಬಂತು. ಅವನಿಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಅವಳು ಮರೆಯಾಗುವವರೆಗೂ ಬಗ್ಗಿ ನೋಡಿದ. ಆಮೇಲೆ ಕಳೆದುಕೊಂಡದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸಿದ; ಅವಳು ಆ ಲೆಕ್ಕದಲ್ಲಿ ಇರಲಿಲ್ಲ. ಒಂದು ಸೈಟು, ಒಂದು ಮಂಚ, ಹದಿನಾಲ್ಕು ಕುಂಡ, ಮೂವತ್ತೈದು ದಿನ.