ಬೇರೆಯವರ ಹೆಸರಿನ ಮಧುಚಂದ್ರ

2019ರ ಏಪ್ರಿಲ್ 9, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇಟಲಿಯ ಕಸಾಲ್ಪೊ ಪಟ್ಟಣದ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದು, ತನ್ನ ಹೆಸರು ಹೇಳಿಕೊಂಡು ಇನ್ಯಾರೋ ಮಧುಚಂದ್ರಕ್ಕೆ ಹೋಗಿದ್ದಾರೆ ಎಂದು ದೂರು ಕೊಟ್ಟಳು.

ಹೆಸರು ಮರಿಲೇನಾ ಫೋರ್ನಾಸಾರಿ. ವಯಸ್ಸು ಐವತ್ತಾರು, ವಿಧವೆ, ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸುವವಳು. ಸೈಕಲ್ ರಿಪೇರಿ ಅಂಗಡಿಯ ಒತ್ತೊರೀನೊ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಪೋ ನದಿಯ ದಂಡೆ ಬಿಟ್ಟು ಇಬ್ಬರೂ ಹೆಚ್ಚು ದೂರ ಹೋದವರಲ್ಲ. ಮದುವೆಯಾದ ಮೇಲೆ ರವೆನ್ನಾ, ಸಿಯೆನಾ, ಒರ್ವಿಯೆತೊ, ನೇಪಲ್ಸ್, ಕೊನೆಗೆ ಹಡಗು ಹತ್ತಿ ಪಲೆರ್ಮೊ ಎಂದು ಹತ್ತು ದಿನದ ಪ್ರವಾಸ ಗೊತ್ತುಮಾಡಿಸಿದ್ದಳು. ಫೆಬ್ರವರಿಯಲ್ಲಿ ಮದುವೆ ಮುರಿಯಿತು. ಪಟ್ಟಣದ ಪ್ರವಾಸ ಕಚೇರಿಗೆ ಹೋಗಿ ಎಲ್ಲವನ್ನೂ ರದ್ದು ಮಾಡಿಸಿ ಬಂದಿದ್ದಳು. ಆದರೆ ಸೋಮವಾರ ಸಂಜೆ ಸಿಯೆನಾದ ವಸತಿಗೃಹದಿಂದ ಫೋನ್ ಬಂತು. ನೀವು ಕೋಣೆಯಲ್ಲಿ ಮರೆತುಹೋದ ಶಾಲನ್ನು ಯಾವ ವಿಳಾಸಕ್ಕೆ ಕಳಿಸೋಣ ಎಂದು ಕೇಳಿದರು.

ಇನ್‌ಸ್ಪೆಕ್ಟರ್ ಪ್ರಿಮೊ ರವೇಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೀವು ಸಿಯೆನಾಕ್ಕೆ ಹೋಗಿದ್ರಾ?"

"ಹೋಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

"ಯಾರ ಮೇಲೆ ಅನುಮಾನ?"

"ಇನ್ಯಾರ ಮೇಲೆ? ನನ್ನ ಜಾಗದಲ್ಲಿ ಇನ್ನೊಬ್ಬಳನ್ನ ಕೂರಿಸ್ಕೊಂಡು, ನನ್ನ ಹೆಸರನ್ನೂ ಅವಳಿಗೇ ಇಟ್ಟು ಕರ್ಕೊಂಡು ಹೋಗಿದಾನೆ."

ಬೇರೆಯವರ ಹೆಸರು ಧರಿಸಿ ವಂಚಿಸಿದ ಅಪರಾಧವೆಂದು ಎಫ್‌ಐಆರ್ ಬರೆದದ್ದು ಮಹಿಳಾ ಕಾನ್‌ಸ್ಟೇಬಲ್ ನಿವೇಸ್.

ಹನ್ನೊಂದೂ ಮುಕ್ಕಾಲಿಗೆ ರವೇಲ್ಲಿ, ನಿವೇಸ್ ಇಬ್ಬರೂ ಒತ್ತೊರೀನೊನ ಅಂಗಡಿಗೆ ಹೋದರು. ಅವನು ಸಿಯೆನಾದಲ್ಲಿ ಇರಲಿಲ್ಲ. ತಲೆಕೆಳಗಾದ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ, ಮೊಣಕೈವರೆಗೂ ಗ್ರೀಸು.

"ಪ್ರವಾಸ ಅಂದ್ರೇನೇ ನನಗಾಗಲ್ಲ ಸಾಹೇಬ್ರೆ," ಎಂದ. "ಮದುವೆ ಮುರಿದದ್ದೇ ಅದಕ್ಕೆ. ಹತ್ತು ದಿನ ಅಂಗಡಿ ಮುಚ್ಚಕ್ಕಾಗಲ್ಲ ಅಂದೆ. ನಿಂಗೆ ನಾನು ಬೇಕೋ ಪಂಕ್ಚರ್ ಬೇಕೋ ಅಂದ್ಲು. ಯೋಚನೆ ಮಾಡಿ ಹೇಳ್ತೀನಿ ಅಂದ್ಬಿಟ್ಟೆ ನೋಡಿ."

ನಿವೇಸ್ ನಗು ತಡೆದುಕೊಂಡು ಬರೆದುಕೊಂಡಳು. ಒತ್ತೊರೀನೊ ಒಂದು ದಿನವೂ ಅಂಗಡಿ ಮುಚ್ಚಿಲ್ಲವೆಂದು ಎದುರಿನ ಬ್ರೆಡ್ ಅಂಗಡಿಯವನೂ ಪಕ್ಕದ ಕ್ಷೌರಿಕನೂ ಸಾಕ್ಷಿ ಹೇಳಿದರು. ಹೊರಡುವಾಗ ಒತ್ತೊರೀನೊ ತಗ್ಗಿದ ದನಿಯಲ್ಲಿ, ಮರಿಲೇನಾ ಚೆನ್ನಾಗಿದ್ದಾಳೆಯೇ ಎಂದು ಕೇಳಿದ. ಅದು ತನಿಖೆಯ ವಿಷಯವಲ್ಲ ಎಂದು ಹೇಳಿ ರವೇಲ್ಲಿ ಬೀದಿಗಿಳಿದ.

ಠಾಣೆಗೆ ಮರಳಿ ಸಿಯೆನಾದ ವಸತಿಗೃಹಕ್ಕೆ ಫೋನ್ ಮಾಡಿದ. ಮಾಲೀಕಳು ಮಾತಿನ ಹೆಂಗಸು. ಗಂಡ ಹೆಂಡತಿ ಶನಿವಾರ ಬಂದು ಎರಡು ರಾತ್ರಿ ಇದ್ದರು, ಇಬ್ಬರಿಗೂ ಅರವತ್ತರ ಆಸುಪಾಸು, ತುಂಬಾ ಮರ್ಯಾದಸ್ಥರು. ಕೋಣೆಯ ಹಣ ಅವರೇ ಪೂರ್ತಿ ಕೊಟ್ಟರು. ಗುರುತಿನ ಚೀಟಿಯ ಪ್ರತಿಗಳು ಪ್ರವಾಸ ಕಚೇರಿಯಿಂದ ಮೊದಲೇ ಬಂದಿದ್ದರಿಂದ ಮುಖಕ್ಕೂ ಚೀಟಿಗೂ ತಾಳೆ ನೋಡಲಿಲ್ಲ. ನಿಯಮದಂತೆ ಆ ರಾತ್ರಿಯೇ ಹೆಸರುಗಳನ್ನು ಪೊಲೀಸರಿಗೆ ಕಳಿಸಿದಳು. ಮರಿಲೇನಾ, ಒತ್ತೊರೀನೊ ಎಂಬ ಹೆಸರುಗಳ ಮೇಲೆ ಯಾವ ದೂರೂ ಇಲ್ಲದ್ದರಿಂದ ಯಾರೂ ಏನೂ ಕೇಳಲಿಲ್ಲ.

"ಅವರಲ್ಲಿ ವಿಚಿತ್ರ ಅನ್ನಿಸಿದ್ದು ಏನಾದ್ರೂ?"

"ವಿಚಿತ್ರ ಅಂತಲ್ಲ ಸಾಹೇಬ್ರೆ. ಆ ಮನುಷ್ಯ ಬಾಗಿಲ ಹತ್ರ ಹೋದ್ರೆ ಹಾಗೇ ನಿಂತ್ಕೊಳ್ಳೋರು. ತೆಗೆಯಲ್ಲ. ಯಾರಾದ್ರೂ ಬಂದು ತೆಗೆಯೋವರೆಗೂ ಗೋಡೆ ಕಡೆ ಮುಖ ಮಾಡಿ ಕಾಯೋರು. ಪಾಪ, ಹಳೇ ಕಾಲದ ನಯವಿನಯ ಅಂದ್ಕೊಂಡೆ."

ರವೇಲ್ಲಿ ಫೋನ್ ಕೆಳಗಿಟ್ಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ನಾಲ್ಕು ವರ್ಷ ಕೈದಿಗಳನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ವ್ಯಾನಿನಲ್ಲಿದ್ದವನು.

"ನಿವೇಸ್, ಅದು ನಯವಿನಯ ಅಲ್ಲ," ಎಂದ. "ಆ ಮನುಷ್ಯ ಬಹಳ ವರ್ಷ ಜೈಲಲ್ಲಿದ್ದೋನು."

ಪ್ರವಾಸ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದುದು ಇಬ್ಬರೇ. ಒಬ್ಬ ಮಾಲೀಕ. ಇನ್ನೊಬ್ಬಳು ಎರ್ಸಿಲಿಯಾ ತಂಬುರೀನಿ, ಐವತ್ತೆಂಟರ ಅವಿವಾಹಿತೆ, ಮೂವತ್ತೊಂದು ವರ್ಷದಿಂದ ಊರಿನ ಹೊಸ ಜೋಡಿಗಳಿಗೆಲ್ಲ ಊರೂರು ತಿರುಗುವ ಪ್ರವಾಸಗಳನ್ನು ಹೆಣೆದು ಕೊಡುತ್ತಿದ್ದವಳು. ಯಾವ ಊರಿನಲ್ಲಿ ಯಾವ ಕಿಟಕಿಯ ಕೋಣೆ ಕೇಳಬೇಕು, ಸಂಜೆ ಎಷ್ಟು ಗಂಟೆಗೆ ಯಾವ ಮೆಟ್ಟಿಲ ಮೇಲೆ ಕೂತರೆ ಬಿಸಿಲು ಕೆಂಪಾಗಿ ಕಾಣುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಮಾಲೀಕ ಹೇಳಿದ ಪ್ರಕಾರ ಅವಳು ಗುರುವಾರದಿಂದ ರಜೆಯಲ್ಲಿದ್ದಳು. ಮರಿಲೇನಾಳ ಪ್ರವಾಸ ರದ್ದು ಮಾಡುವ ಪತ್ರಗಳನ್ನು ಅವಳೇ ಕಳಿಸಬೇಕಾಗಿತ್ತು, ಕಳಿಸಿರಲಿಲ್ಲ.

ತನಿಖೆ ನೋಡಿಕೊಳ್ಳುವ ಸರ್ಕಾರಿ ವಕೀಲರಿಂದ ವಾರಂಟ್ ಬಂದ ಮೇಲೆ ಮೂರೂ ಹತ್ತಕ್ಕೆ, ಇಬ್ಬರು ಪಂಚರ ಎದುರಿನಲ್ಲಿ ಅವಳ ಮೇಜನ್ನು ಶೋಧಿಸಿ ಪಂಚನಾಮೆ ಬರೆದರು. ಕೆಳಗಿನ ಎರಡು ಡ್ರಾಯರುಗಳ ತುಂಬ ಕಾಗದಗಳು, ಎಲ್ಲ ಲಕೋಟೆಗಳ ಮೇಲೂ ಜಿಲ್ಲಾ ಜೈಲಿನ ಮುದ್ರೆ. ಕಳಿಸಿದವನು ವಾನ್ನಿ ಜಗೀನಿ. ಮೊದಲನೆಯದು ಹನ್ನೊಂದು ವರ್ಷದ ಹಿಂದಿನದು. ಒಳಗಿನ ಕಾಗದ ಓದಲು ವಾರಂಟಿನಲ್ಲಿ ಅವಕಾಶ ಇರಲಿಲ್ಲವಾಗಿ ಹಾಗೆಯೇ ಕಟ್ಟಿ ಮೊಹರು ಹಾಕಿದರು.

ಜೈಲಿನವರು ಫೋನಿನಲ್ಲಿ ವಿವರ ಕೊಟ್ಟರು. ವಾನ್ನಿ ಜಗೀನಿ, ಅರವತ್ತೊಂದು ವರ್ಷ, ದೋಣಿ ಕಟ್ಟುವವನು. ಹತ್ತೊಂಬತ್ತು ವರ್ಷದ ಹಿಂದೆ ಜಗಳವಾಗಿ ಎದುರಾಳಿಯ ದೋಣಿ ಶೆಡ್ಡಿಗೆ ಬೆಂಕಿ ಹಚ್ಚಿದ. ಒಳಗೆ ಒಬ್ಬ ಕೂಲಿಯಾಳು ಮಲಗಿದ್ದದ್ದು ಅವನಿಗೆ ಗೊತ್ತಿರಲಿಲ್ಲ, ಆ ಆಳು ಸತ್ತ. ಇಪ್ಪತ್ತೊಂದು ವರ್ಷದ ಶಿಕ್ಷೆಯಲ್ಲಿ ಎರಡು ವರ್ಷ ಬಾಕಿ. ಮೊದಲ ಬಾರಿ ಎಂಟು ದಿನದ ರಜೆ ಸಿಕ್ಕಿ ಏಪ್ರಿಲ್ 4ರಂದು ಹೊರಗೆ ಬಂದಿದ್ದ. ಎರ್ಸಿಲಿಯಾಳ ಮನೆಯಲ್ಲೇ ಇರಬೇಕು, ಕಸಾಲ್ಪೊ ಬಿಡಕೂಡದು, 11ನೇ ತಾರೀಕು ಗುರುವಾರ ಸಂಜೆ ಆರಕ್ಕೆ ಜೈಲಿನ ಬಾಗಿಲಲ್ಲಿ ಹಾಜರಿರಬೇಕು. ಇಲ್ಲವಾದರೆ ಅವನು ಪರಾರಿಯಾದ ಕೈದಿ.

ಅವನು ಮನೆಯಲ್ಲಿದ್ದಾನೆಯೇ ಎಂದು ದಿನವೂ ಹೋಗಿ ನೋಡಬೇಕಾಗಿದ್ದು ಇದೇ ಠಾಣೆಯವರು. ರವೇಲ್ಲಿ ಹಾಜರಿಯ ಹಾಳೆ ತರಿಸಿದ. ಗುರುವಾರದಿಂದ ಸೋಮವಾರದವರೆಗೆ ಐದೂ ದಿನ 'ಇದ್ದಾನೆ' ಎಂದು ಬರೆದಿತ್ತು. ಸಹಿ ಕಾನ್‌ಸ್ಟೇಬಲ್ ತುಲ್ಲಿಯೊನದು. ಹದಿನೆಂಟು ವರ್ಷ ಒಟ್ಟಿಗೆ ಕೆಲಸ ಮಾಡಿದವನು. ಐದು ಗಂಟೆಗೆ ಅವನನ್ನು ಕರೆದು ಬಾಗಿಲು ಹಾಕಿಸಿದ.

"ಶುಕ್ರವಾರ ಹೋಗಿದ್ಯಾ?"

"ಬೀದಿವರೆಗೂ ಹೋಗಿದ್ದೆ ಸಾರ್. ದೀಪ ಉರೀತಿತ್ತು."

"ಒಳಗೆ?"

"ಹೋಗಿಲ್ಲ."

"ಯಾಕೆ?"

ತುಲ್ಲಿಯೊ ಟೋಪಿಯ ಅಂಚು ತಿರುಗಿಸುತ್ತ ನಿಂತಿದ್ದ. ಆಮೇಲೆ ಹೇಳಿದ: "ಗುರುವಾರ ಒಳಗೆ ಹೋಗಿದ್ದೆ. ಇಬ್ರೂ ಊಟಕ್ಕೆ ಕೂತಿದ್ರು. ನನ್ನ ನೋಡಿದ ಕೂಡ್ಲೆ ಆ ಮನುಷ್ಯ ತಟ್ಟೆ ಬಿಟ್ಟು ಎದ್ದು, ಕೈ ಎರಡೂ ಪಕ್ಕಕ್ಕೆ ಇಟ್ಕೊಂಡು ಗೋಡೆ ಪಕ್ಕ ನಿಂತ್ಬಿಟ್ಟ. ಆಕೆ ತಲೆ ತಗ್ಗಿಸಿದ್ಲು. ಮಾರನೇ ದಿನ ಮತ್ತೆ ಹೋಗಿ ಹಾಗೆ ನಿಲ್ಲಿಸಕ್ಕೆ ಮನಸ್ಸಾಗಲಿಲ್ಲ ಸಾರ್."

"ಆದ್ರೆ ಸಹಿ ಹಾಕಕ್ಕೆ ಮನಸ್ಸಾಯ್ತು."



ಮರಿಲೇನಾಳ ಪ್ರವಾಸದ ಪಟ್ಟಿಯಂತೆ ಸೋಮವಾರ, ಮಂಗಳವಾರ ಒರ್ವಿಯೆತೊ. ಬುಧವಾರ ನೇಪಲ್ಸ್, ಅಲ್ಲಿಂದ ಹಡಗು. ಒರ್ವಿಯೆತೊದ ವಸತಿಗೃಹಕ್ಕೆ ಫೋನ್ ಮಾಡಿದಾಗ ಆ ಹೆಸರಿನ ದಂಪತಿ ಅಲ್ಲೇ ಇದ್ದಾರೆ, ಬೆಳಿಗ್ಗೆ ಹೊರಡುತ್ತಾರೆ ಎಂಬ ಉತ್ತರ ಬಂತು. ಹಡಗು ಹತ್ತುವವರನ್ನು ಬಿಟ್ಟು ಆಮೇಲೆ ಸಮುದ್ರ ನೋಡುತ್ತಾ ನಿಲ್ಲಬೇಕೇ, ಇವತ್ತೇ ದೇಶಕ್ಕೆಲ್ಲ ಎಚ್ಚರಿಕೆ ಕಳಿಸಿ ಎಂದು ಸರ್ಕಾರಿ ವಕೀಲರು ಗದರಿದರು. ರವೇಲ್ಲಿ ವಾದಿಸಿದ. ಊರು ಬಿಟ್ಟದ್ದು ತಪ್ಪು, ಆದರೆ ಗುರುವಾರ ಆರರವರೆಗೆ ಅವನು ಪರಾರಿಯಲ್ಲ. ಎಚ್ಚರಿಕೆ ಹೋಯಿತೆಂದರೆ ಬಂದೂಕು ಹಿಡಿದವರು ಊಟದ ಮನೆಗೇ ನುಗ್ಗುತ್ತಾರೆ, ಆಮೇಲೆ ಯಾರು ಏನು ಮಾಡುತ್ತಾರೋ ಹೇಳಲಾಗದು. ಕೊನೆಗೆ ಬುಧವಾರ ಮಧ್ಯಾಹ್ನ ಹನ್ನೆರಡರವರೆಗೆ ಗಡುವು ಸಿಕ್ಕಿತು. ತಮ್ಮ ಠಾಣೆಯ ಹಾಳೆಯ ವಿಷಯವನ್ನೂ ರವೇಲ್ಲಿ ಆ ಫೋನಿನಲ್ಲೇ ಹೇಳಿಬಿಟ್ಟ.

ಬುಧವಾರ ಬೆಳಿಗ್ಗೆ ಆರಕ್ಕೆ ಹೊರಟರು. ಮಾಮೂಲು ಬಟ್ಟೆಯಲ್ಲಿದ್ದ ನಿವೇಸ್ ಕಾರು ಓಡಿಸಿದಳು. ಒಂಬತ್ತು ಐವತ್ತಕ್ಕೆ ಒರ್ವಿಯೆತೊ ತಲುಪಿದರೆ, ದಂಪತಿ ಅರ್ಧ ಗಂಟೆ ಮೊದಲೇ ಬಿಟ್ಟು ಹೋಗಿದ್ದರು.

"ಎಲ್ಲಿಗೆ ಅಂತ ಹೇಳಿದ್ರಾ?" ಎಂದು ರವೇಲ್ಲಿ ಮಾಣಿಯನ್ನು ಕೇಳಿದ.

"ರೈಲಿಗೆ. ಆ ಯಜಮಾನ್ರು ಬೆಳಿಗ್ಗೆ ಬ್ರೆಡ್ ಜೊತೆ ಕೊಟ್ಟ ಚಾಕು ನೋಡಿ, ಇದು ನನಗಾ ಅಂತ ಕೇಳಿದ್ರು. ಹೌದು ಅಂದೆ. ಥ್ಯಾಂಕ್ಸ್ ಅಂದ್ರು. ಚಾಕುಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?"

ಊರು ಬಂಡೆಯ ಮೇಲೆ, ನಿಲ್ದಾಣ ಕೆಳಗೆ. ನಿವೇಸ್ ತಿರುವುಗಳಲ್ಲಿ ಕಾರನ್ನು ಹೇಗೆ ಇಳಿಸಿದಳೆಂದರೆ ರವೇಲ್ಲಿ ಎರಡೂ ಕೈಯಿಂದ ಸೀಟು ಹಿಡಿದುಕೊಂಡ. ನೇಪಲ್ಸ್ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಶಾಲೆಯ ಮಕ್ಕಳ ಗುಂಪೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಗ ನಿವೇಸ್ ಅವನ ತೋಳು ಮುಟ್ಟಿ ಎದುರು ಬದಿ ತೋರಿಸಿದಳು. ಉತ್ತರಕ್ಕೆ ಹೋಗುವ ರೈಲಿನ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಇಬ್ಬರು ಕೂತು ಬ್ರೆಡ್ಡು, ಹಂದಿಮಾಂಸದ ತೆಳು ಹೋಳು ತಿನ್ನುತ್ತಿದ್ದರು. ಹೆಂಗಸು ಏನೋ ಹೇಳುತ್ತಿದ್ದಳು, ಗಂಡಸು ಎದುರಿನ ಬಂಡೆಯನ್ನೇ ನೋಡುತ್ತಿದ್ದ. ಸಮಯ ಹತ್ತು ಹನ್ನೆರಡು.

"ಎರ್ಸಿಲಿಯಾ ತಂಬುರೀನಿ?"

ಅವಳು ತುಟಿ ಒರೆಸಿಕೊಂಡು ತಲೆ ಎತ್ತಿದಳು. "ಹೌದು ಇನ್‌ಸ್ಪೆಕ್ಟ್ರೆ. ಆ ಇನ್ನೊಂದು ಹೆಸರಿಗೆ ಓಗೊಡೋದು ಕೊನೇವರೆಗೂ ರೂಢಿ ಆಗ್ಲಿಲ್ಲ."

ವಾನ್ನಿ ಎದ್ದು ನಿಂತು, ಯಾರೂ ಹೇಳದೆಯೇ ಎರಡೂ ಮುಂಗೈ ಮುಂದೆ ಚಾಚಿದ.

"ಕೈ ಕೆಳಗಿಡಿ," ಎಂದ ರವೇಲ್ಲಿ. "ತಿಂಡಿ ಮುಗಿಸಿ."

ಟಿಕೆಟ್ ಕೇಳಿದ. ಎರಡೂ ಕಸಾಲ್ಪೊಗೆ, ಫ್ಲಾರೆನ್ಸಿನಲ್ಲಿ ಬದಲಾಯಿಸುವಂತಹವು, ಹಿಂದಿನ ವಾರವೇ ಕೊಂಡವು.

"ನೇಪಲ್ಸ್? ಹಡಗು?"

"ನಾಳೆ ಆರಕ್ಕೆ ಇವರು ಬಾಗಿಲಲ್ಲಿರ್ಬೇಕು," ಎಂದಳು ಎರ್ಸಿಲಿಯಾ. "ನೇಪಲ್ಸ್‌ಗೆ ಹೋಗಿ ಹಡಗು ಹತ್ತಿದ್ರೆ ತಲುಪಕ್ಕಾಗಲ್ಲ. ಮೂವತ್ತೊಂದು ವರ್ಷ ರೈಲಿನ ವೇಳೆ ನೋಡಿದೀನಿ ನಾನು, ಅಷ್ಟು ಗೊತ್ತಾಗಲ್ವಾ?"

ದಸ್ತಗಿರಿಯ ಹಾಳೆಗೆ ನಿಲ್ದಾಣದ ಮಾಸ್ತರರ ಕೋಣೆಯಲ್ಲಿ ಸಹಿಯಾಯಿತು. ಕೈಕೋಳ ಹಾಕಲಿಲ್ಲ.

ಎರ್ಸಿಲಿಯಾಳ ಹೇಳಿಕೆಯನ್ನು ಅದೇ ದಿನ ಮಧ್ಯಾಹ್ನ ಮೂರೂ ನಲವತ್ತಕ್ಕೆ, ಅವಳ ವಕೀಲನ ಎದುರು ದಾಖಲಿಸಿಕೊಂಡರು. ಹನ್ನೊಂದು ವರ್ಷದ ಹಿಂದೆ ಅವಳು ಜೈಲಿನ ಗ್ರಂಥಾಲಯಕ್ಕೆ ಹಳೆಯ ಪ್ರವಾಸದ ಪುಸ್ತಿಕೆಗಳ ಕಟ್ಟು ಕಳಿಸಿದ್ದಕ್ಕೆ ವಾನ್ನಿ ಧನ್ಯವಾದ ಬರೆದಿದ್ದ. ಅವಳು ಉತ್ತರ ಬರೆದಳು. ಅಲ್ಲಿಂದ ಪ್ರತಿ ವಾರದ ಕಾಗದದಲ್ಲೂ ಅವನಿಗೊಂದು ಊರು. ಆರು ವರ್ಷದಿಂದ ಭೇಟಿಗೂ ಹೋಗುತ್ತಿದ್ದಳು. ಇಬ್ಬರೂ ಸೇರಿ ಎಲ್ಲಿಂದ ಎಲ್ಲಿಗೆ, ಯಾವ ರೈಲು, ಎಲ್ಲಿ ಊಟ ಎಂದು ಕಾಗದದ ಮೇಲೆ ಇಡೀ ಇಟಲಿ ಸುತ್ತಿದ್ದರು. ಮರಿಲೇನಾ ಬಂದು ಒಳ್ಳೆಯ ಪ್ರವಾಸ ಬೇಕೆಂದಾಗ ಆ ಕಾಗದಗಳಲ್ಲೇ ಎಲ್ಲಕ್ಕಿಂತ ಚೆನ್ನಾಗಿದ್ದನ್ನು ತೆಗೆದು ಕೊಟ್ಟಿದ್ದಳು.

ಫೆಬ್ರವರಿಯಲ್ಲಿ ವಾನ್ನಿಯ ಕಾಗದ ಬಂತು. ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆ ಮಾಡುವ ಪಟ್ಟಿಯಿಂದ ತನ್ನ ಹೆಸರು ತೆಗೆಯಿರಿ ಎಂದು ನ್ಯಾಯಾಧೀಶರಿಗೆ ಬರೆದುಕೊಟ್ಟಿದ್ದೇನೆ, ನೀನು ಕಾಯಬೇಡ ಎಂದಿದ್ದ.

"ಹೊರಗೆ ಹೇಗಿರೋದು ಅಂತ ಮರೆತುಹೋಗಿದೆ ಅಂತ ಬರೆದಿದ್ರು," ಎಂದಳು. "ನೀನು ಬರೆಯೋ ಊರುಗಳು ಕಾಗದದಲ್ಲೇ ಚೆನ್ನ ಅಂತ. ನನಗೆ ಹೆದರಿಕೆ ಆಯ್ತು. ಅದೇ ವಾರ ಆಕೆ ಬಂದು ಪ್ರವಾಸ ಬೇಡ ಅಂದ್ರು. ಇವರ ಹೆಸರು ಹೇಳಿದ್ರೆ ಮೊದಲ ರಾತ್ರಿನೇ ನಿಮಗೆ ತಿಳಿಯುತ್ತೆ. ಅದಕ್ಕೆ ಅವರ ಹೆಸರು ತಗೊಂಡೆ. ತಪ್ಪು ಅಂತ ಗೊತ್ತಿತ್ತು."

"ಓಡಿಹೋಗೋ ಯೋಚನೆ ಇರ್ಲಿಲ್ವಾ?"

"ಓಡಿಹೋದ್ರೆ ಇನ್ನೂ ಹೆಚ್ಚು ವರ್ಷ ಒಳಗಿರ್ತಾರೆ. ನನಗೆ ಇವರು ಹೊರಗೆ ಬರ್ಬೇಕಾಗಿತ್ತು."

ಎರ್ಸಿಲಿಯಾಗೆ ನಾಲ್ಕು ತಿಂಗಳ ಶಿಕ್ಷೆಯಾಗಿ ಅದನ್ನು ಅಮಾನತಿನಲ್ಲಿಟ್ಟರು. ಕಚೇರಿಯ ಕೆಲಸ ಹೋಯಿತು. ವಾನ್ನಿಗೆ ಇನ್ನು ರಜೆ ಇಲ್ಲವೆಂದು ಆಜ್ಞೆಯಾಯಿತು. ತುಲ್ಲಿಯೊನ ಮೇಲೆ ಇಲಾಖಾ ವಿಚಾರಣೆ ನಡೆದು ಅವನನ್ನು ದಾಖಲೆ ಕೋಣೆಗೆ ವರ್ಗಾಯಿಸಿದರು. ಮೇಲ್ವಿಚಾರಣೆಯ ಲೋಪ ಎಂಬ ಕಡೆ ರವೇಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡ. ಹೇಳಿಕೆಯ ಪ್ರತಿಯನ್ನು ಠಾಣೆಯ ಬೆಂಚಿನಲ್ಲಿ ಕೂತು ಓದಿದ ಮರಿಲೇನಾ, "ಆ ಪ್ರವಾಸ ನನಗೋಸ್ಕರ ಮಾಡಿದ್ದು ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿ ಎದ್ದು ಹೋದಳು.

ಜುಲೈ 16ರಂದು ಜೈಲಿನಿಂದ ಠಾಣೆಗೆ ಒಂದು ಅರ್ಜಿಯ ಪ್ರತಿ ಬಂತು. ವಾನ್ನಿ ಜಗೀನಿ ತನ್ನನ್ನು ಮತ್ತೆ ಬಿಡುಗಡೆಯ ಪಟ್ಟಿಗೆ ಸೇರಿಸಬೇಕೆಂದು ಕೋರಿದ್ದ. ಏಪ್ರಿಲ್ಲಿನ ತಪ್ಪಿನಿಂದಾಗಿ ಇದು ತಿರಸ್ಕಾರವಾಗಬಹುದೆಂದು ತನಗೆ ತಿಳಿದಿದೆ, ಆದರೆ ಪ್ರತಿ ಆರು ತಿಂಗಳಿಗೊಮ್ಮೆ ಬರೆಯುತ್ತಲೇ ಇರುತ್ತೇನೆ ಎಂದಿದ್ದ. ರವೇಲ್ಲಿ ಅದನ್ನು ಎರಡು ಸಲ ಓದಿ, ದಿನಾಂಕ ಹಾಕಿ, ಕಡತದ ಕೊನೆಗೆ ಸೇರಿಸಿದ. ಜೈಲಿಗೆ ವಾಪಸ್ ಕಳಿಸುವ ಹಾಳೆಯಲ್ಲಿ ಪೊಲೀಸರ ಅಭಿಪ್ರಾಯ ಎಂಬ ಕಾಲಂ ಖಾಲಿ ಇತ್ತು. ಅಲ್ಲಿ ಏನಾದರೂ ಬರೆಯುವುದು ಕಡ್ಡಾಯವಲ್ಲ. ಅವನು ಪೆನ್ನು ತೆಗೆದು, 'ಆಕ್ಷೇಪಣೆ ಇಲ್ಲ' ಎಂದು ಬರೆದ.