ಪಾಪ್ಲರ್ ಸಸಿಗಳ ಅದಲುಬದಲು

ಹೊಸ ತಳಿಯ ನೋಂದಣಿ ಅರ್ಜಿಯಲ್ಲಿ ಅಕ್ಕನ ಹೆಸರೊಂದೇ ಇತ್ತು. ಊಟದ ಮೇಜಿನ ಮೇಲೆ ಅದು ಕಣ್ಣಿಗೆ ಬಿದ್ದಾಗ ತಂಗಿ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು.

ಅಪ್ಪ ಬಿಟ್ಟುಹೋದ ನರ್ಸರಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು, ನಿಜ. ಅಕ್ಕ ನಗುನಗುತ್ತಾ ಮಾತಾಡಿ ವ್ಯಾಪಾರ ಕುದುರಿಸುವವಳು. ಆದರೆ ಪ್ಲೈವುಡ್‌ಗೆಂದು ಬೆಳೆಸುವ ಪಾಪ್ಲರ್ ಮರದ ರಾಶಿ ಸಸಿಗಳ ನಡುವೆ ಬೇರೆ ಥರದ ಆ ಒಂದನ್ನು ಗುರುತಿಸಿ, ಅದರ ಕಡ್ಡಿ ಕತ್ತರಿಸಿ ನೆಟ್ಟು, ಅಚ್ಚು ಹೊಡೆದಂಥ ಗಿಡಗಳನ್ನು ಎಬ್ಬಿಸಿದವಳು ತಂಗಿ. ಎಲೆ ಕಿತ್ತು ಮಸೂರದ ಕೆಳಗಿಟ್ಟು ನೋಡುವುದೇ ಅವಳ ಬದುಕು. ಕೆಲಸದವರು ಅವಳಿಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದರು.

"ನನ್ನ ಹೆಸರು ಯಾಕಿಲ್ಲಕ್ಕ?"

"ಒಂದೇ ಮನೆಯವರಲ್ವೇನೇ? ಬಿಡು ಅತ್ಲಾಗೆ."

ಬಿಡುವ ಜಾತಿಯವಳಲ್ಲ ಭೂತಗನ್ನಡಿ. ನಕ್ಕು ತಟ್ಟೆ ಎತ್ತಿಕೊಂಡು ಎದ್ದಳು.

ಹೊಸ ತಳಿಗೂ ಹಳೆಯದಕ್ಕೂ ಕಾಂಡ, ತೊಗಟೆ, ಎತ್ತರ ಎಲ್ಲವೂ ಒಂದೇ. ಬೇರೆ ಇರುವುದು ಎಲೆ ಮಾತ್ರ. ಹಳೆಯದರ ಎಲೆಯ ಬುಡ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರ, ತೊಟ್ಟು ಹಸಿರು. ಹೊಸದರ ಬುಡ ಒಳಕ್ಕೆ ಬಾಗಿದೆ, ತೊಟ್ಟಿಗೆ ಕೆಂಪು ಛಾಯೆ. ತಳಿ ನೋಂದಣಿ ಕಚೇರಿಯ ಪರೀಕ್ಷಕಿ ಬಂದು, ಹಳೆಯ ತಳಿಯ ಒಣಗಿಸಿದ ಎಲೆಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅಲ್ಲಿ ಎರಡೂ ಒಂದೇ ಎಂದು ಕಂಡರೆ ಅರ್ಜಿ ಮಣ್ಣುಪಾಲು, ಅಕ್ಕನ ಮಾನವೂ ಅದರ ಜೊತೆಗೆ. ಗದ್ದಲ ತಣ್ಣಗಾದ ಮೇಲೆ ನಿಜವಾದ ಗಿಡ ಮತ್ತೆ ಅರ್ಜಿಗೆ ಹೋಗುತ್ತದೆ. ಆಗ ಹೆಸರು ತಂಗಿಯದು.

ಒಂದೇ ಇಟ್ಟಿಗೆ ಗೋಡೆಯ ಆಚೆ ಈಚೆ ಎರಡು ಗಾಜಿನ ಕೋಣೆ, ಗಾಜು ಇರುವುದು ಗೋಡೆಯ ಎದುರು ಬದಿಗೆ ಮಾತ್ರ. ಮೂಡಣದ ಕೋಣೆಯಲ್ಲಿ ಹೊಸದು, ಪಡುವಣದ ಕೋಣೆಯಲ್ಲಿ ಹಳೆಯದು. ತಳಿಯ ಹೆಸರಿನ ತಗಡನ್ನು ಮೊಳೆ ಹೊಡೆದಿದ್ದು ಮೇಜಿಗೆ, ಕುಂಡಕ್ಕಲ್ಲ. ಕುಂಡ ಬದಲಾದರೆ ಸಾಕು, ತಳಿ ಬದಲಾದಂತೆ. ಮುಂಚೆಯೇ ಬದಲಿಸಿದರೆ ನೀರು ಹಾಕುವವನ ಕಣ್ಣಿಗೆ ಬಿದ್ದೀತೆಂದು ಪರೀಕ್ಷೆಯ ದಿನದ ಬೆಳಗಿನವರೆಗೂ ಕಾದಳು. ಅವನು ಬರುವ ಮುಂಚೆ ಬೀಗ ತೆಗೆದು, ನಡುಗೋಡೆಯ ಬಾಗಿಲಿನಿಂದ ಒಂದೊಂದೇ ಕುಂಡ ಎತ್ತಿ ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ, ಒಂದಿಷ್ಟೂ ತಿರುಗಿಸದೆ ನೆಟ್ಟಗೆ ತಂದಿಟ್ಟಳು. ಒಂದೆಲೆಯೂ ಮುರಿಯಲಿಲ್ಲ. ಉದುರಿದ ಮಣ್ಣು ಗುಡಿಸಿದಳು, ತಟ್ಟೆಗಳ ನೀರು ಒರೆಸಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಕ್ಕ ಪಕ್ಕದಲ್ಲೇ ಕೂತಿರುತ್ತಿದ್ದುದು ನೆನಪಾಗಿ ಒಂದು ಕ್ಷಣ ಒರೆಸುವ ಬಟ್ಟೆ ಹಿಡಿದೇ ನಿಂತಳು. ಅಷ್ಟು ಪ್ರೀತಿ ಇದ್ದವಳು ಹೆಸರು ಹಾಕಬೇಕಿತ್ತು ಎಂದು ತನಗೇ ಹೇಳಿಕೊಂಡು ಕೈ ತೊಳೆದಳು.

ಪರೀಕ್ಷಕಿ ಹೊತ್ತಿಗೆ ಸರಿಯಾಗಿ ಬಂದರು. ಚಿಗುರೂ ಅಲ್ಲದ, ಹಣ್ಣೆಲೆಯೂ ಅಲ್ಲದ ನಡುವಿನ ಎಲೆಗಳನ್ನೇ ಆರಿಸಿ ಕಿತ್ತರು, ಒಣ ಎಲೆಗಳ ಪಕ್ಕದಲ್ಲಿಟ್ಟರು, ಅಳೆದರು.

"ಹೊಸದೇನೂ ಕಾಣ್ತಿಲ್ವಲ್ಲ. ಇದು ಹಳೇದೇ."

"ಇನ್ನೊಂದ್ಸಲ ನೋಡಿ ಮೇಡಂ," ಅಕ್ಕ ಅಂಗಲಾಚಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ತಂಗಿ ತಲೆ ತಗ್ಗಿಸಿ ನಿಂತಳು, ನಗು ಕಾಣಬಾರದಲ್ಲ.

ಪರೀಕ್ಷಕಿ ಎಲೆಗಳನ್ನು ಚೀಲಕ್ಕೆ ಸೇರಿಸಿ ಹೊರಟವರು ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದರು. "ಗಾಜು ಆ ಕಡೆ ಇದೆ. ಇವೆಲ್ಲ ಬೆಳಕಿಗೆ ಬೆನ್ನು ಹಾಕಿ ಗೋಡೆ ನೋಡ್ತಿವೆಯಲ್ಲ, ಯಾಕೆ?" ತಂಗಿ ತಲೆ ಎತ್ತಿದಳು. ಹೌದು, ಸಾಲಿಗೆ ಸಾಲೇ ಪಡುವಣಕ್ಕೆ ವಾಲಿತ್ತು, ಒಂದೊಂದು ಎಲೆಯೂ ಬರೀ ಗೋಡೆಗೆ ಮುಖ ಕೊಟ್ಟಿತ್ತು. ಪರೀಕ್ಷಕಿ ನಡುಗೋಡೆಯ ಬಾಗಿಲು ತೆರೆದು ಆಚೆ ಇಣುಕಿದರು. ಅಲ್ಲೂ ಒಂದು ಸಾಲು ಗಾಜು ಬಿಟ್ಟು ಗೋಡೆಯನ್ನೇ ನೋಡುತ್ತಿತ್ತು. ಅದರಿಂದ ಎಲೆಯೊಂದನ್ನು ಕಿತ್ತು, ಕೆಂಪು ತೊಟ್ಟನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದರು: "ಇಲ್ಲೇ ಒಂದೆರಡು ದಿನ ಇದ್ದಿದ್ರೂ ಇವು ಬೆಳಕಿನ ಕಡೆ ತಿರುಗಿರ್ತಿದ್ವು. ಇವತ್ತು ಬೆಳಿಗ್ಗೆ ಒಳಗೆ ಬಂದಿದ್ದು ಯಾರು?" ಮುಳುಗುವವಳಿಗೆ ಆಸರೆ ಸಿಕ್ಕಂತೆ ಅಕ್ಕ ತಂಗಿಯ ಕೈ ಹಿಡಿದುಕೊಂಡಳು. "ಬೀಗದ ಕೈ ಇರೋದು ಇವಳ ಹತ್ರ ಮಾತ್ರ ಮೇಡಂ. ಇವಳನ್ನೇ ಕೇಳಿ, ಎಲೆ ವಿಷಯದಲ್ಲಿ ಇವಳಿಗೆ ಗೊತ್ತಿಲ್ದೇ ಇರೋದು ಯಾವ್ದೂ ಇಲ್ಲ."