ಅಂಗೈ ಪರೀಕ್ಷೆ

2061ರ ಒಂದು ಬೆಳಗ್ಗೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಇಬ್ಬರು ಮೊಬೈಲಿನಲ್ಲಿ ಒಂದೇ ಸುದ್ದಿಯನ್ನು ತೆರೆದರು. ಒಬ್ಬನಿಗೆ ಕಂಡ ತಲೆಬರಹ ಇನ್ನೊಬ್ಬನಿಗೆ ಕಾಣಲಿಲ್ಲ. ಅದು 'ಕಣ್ಸೆಳೆ' ಯಂತ್ರದ ಕೈಚಳಕ. ಓದುಗನ ಕಣ್ಣಿನ ಪಾಪೆ ಯಾವ ಮಾತಿಗೆ ಹೆಚ್ಚು ಅರಳುತ್ತದೆಂದು ಅಳೆದು, ಅವನಿಗೆಂದೇ ತಲೆಬರಹ ಹೊಸೆಯುತ್ತಿತ್ತು. ಒಳಗಿನ ಸುದ್ದಿ ಮಾತ್ರ ಎಲ್ಲರಿಗೂ ಒಂದೇ.

ಯಂತ್ರಕ್ಕೆ ಪಾಠ ಹೇಳಿದವಳು ನೀಲಗಂಗಾ. ಪತ್ರಿಕೆಯಲ್ಲಿ ಮೂವತ್ತೈದು ವರ್ಷ ತಲೆಬರಹ ಬರೆದು ನಿವೃತ್ತಳಾದವಳು. ಅವಳದೊಂದು ಪದ್ಧತಿಯಿತ್ತು. ಸುದ್ದಿಯನ್ನು ಅಂಗೈಯಿಂದ ಮುಚ್ಚಿ, ಕಚೇರಿಗೆ ಚಹಾ ತರುವ ಹಜರತ್‌ಬಿಯಿಂದ ತಲೆಬರಹವನ್ನಷ್ಟೇ ಓದಿಸಿ, 'ಒಳಗ ಏನೈತಿ ಹೇಳು' ಎನ್ನುತ್ತಿದ್ದಳು. ಊಹೆ ಸರಿಯಾದರೆ ತಲೆಬರಹ ಪಾಸು. ಈ ಅಂಗೈ ಪರೀಕ್ಷೆಯನ್ನೇ ಯಂತ್ರಕ್ಕೆ ಕಲಿಸುತ್ತೇನೆಂದು ವಿಜ್ಞಾನಿ ಈರಣ್ಣ ಹೊಸಮನಿ ಬಂದಾಗ, ನೀಲಗಂಗಾ ಹಿರಿಹಿರಿ ಹಿಗ್ಗಿ ಹಳೆಯ ಕಡತಗಳನ್ನೆಲ್ಲ ಕೊಟ್ಟುಬಿಟ್ಟಿದ್ದಳು.

ಆ ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದವಳ ಮೊಬೈಲಿನಲ್ಲಿ ಮೂಡಿತು: 'ಸುರಂಗದಲ್ಲಿ ನಿಂತ ರೈಲು: ಚಾಲಕಿ ಇಂಚರಾಗೆ ಏನಾಯಿತು?'

ಇಂಚರಾ ಅವಳ ಒಬ್ಬಳೇ ಮಗಳು. ಫೋನು ಎತ್ತುತ್ತಿರಲಿಲ್ಲ. ಒಲೆಯನ್ನೂ ಆರಿಸದೆ ನೀಲಗಂಗಾ ಬರಿಗಾಲಲ್ಲಿ ರೈಲು ನಿಲ್ದಾಣಕ್ಕೆ ಓಡಿದಳು. ಅಲ್ಲಿ ಮಗಳು ಕೊರಳಲ್ಲಿ ಹಾರ ಹಾಕಿಕೊಂಡು ನಗುತ್ತ ನಿಂತಿದ್ದಳು. ಹಳಿಯ ಮೇಲೆ ಬಿದ್ದ ಕಲ್ಲನ್ನು ಕಂಡು ರೈಲು ನಿಲ್ಲಿಸಿದ್ದಕ್ಕೆ ಸನ್ಮಾನ. ಸುದ್ದಿಯಲ್ಲಿದ್ದದ್ದೂ ಅಷ್ಟೇ.

ನೀಲಗಂಗಾ ಅಲ್ಲಿಂದ ಬರಿಗಾಲಲ್ಲೇ ನೆಟ್ಟಗೆ ಈರಣ್ಣನ ಪ್ರಯೋಗಾಲಯಕ್ಕೆ ಹೋದಳು.

"ನಂಬಿಸಿ ಕುತ್ತಿಗಿ ಕೊಯ್ದಿಯಲ್ಲೋ ಈರಣ್ಣ. ನನ್ನ ಪರೀಕ್ಷಾ ಎಲ್ಲಿ ಹೋತು?"

"ಅದ ಐತ್ರಿ ಅಕ್ಕಾರ, ತಿರುವಿ ಹಾಕೇವಿ, ಊಹೆ ತಪ್ಪಿದ್ರ ಪಾಸು. ಊಹೆ ಎಷ್ಟು ತಪ್ಪತೈತೋ ಅಷ್ಟು ಕಣ್ಣು ಅರಳತಾವು."

"ಇಂಥಾ ಬುದ್ಧಿ ಅದಕ್ಕ ಯಾರು ಕಲಿಸಿದ್ರು?"

ಈರಣ್ಣ ಒಂದು ಕಡತವನ್ನು ತೆರೆದಿಟ್ಟ. 2026ರದ್ದು, ನೀಲಗಂಗಾ ಬರೆದ ತಲೆಬರಹ: 'ಕೆರೆಯ ಏರಿ ಒಡೆಯಿತೇ?' ಕೆಳಗಿನ ಸುದ್ದಿಯಲ್ಲಿ ಏರಿಯ ಒಂದು ಕಲ್ಲಷ್ಟೇ ಸರಿದಿತ್ತು.

"ಆ ವರ್ಷ ಎಲ್ಲಾಕಿಂತ ಹೆಚ್ಚು ಮಂದಿ ತೆರೆದ ಸುದ್ದಿ ಇದು ಅಂತ ನೀವ ಬರದಿಟ್ಟೀರಿ. ಯಂತ್ರ ಇಲ್ಲಿಂದ ಕಲೀತ್ರಿ."

ನೀಲಗಂಗಾ ಸುದ್ದಿಯ ಮೇಲೆ ಅಂಗೈ ಇಟ್ಟಳು. ಪರೀಕ್ಷೆ ಅವತ್ತೂ ನಡೆದಿತ್ತು. ಹಜರತ್‌ಬಿಯ ಮನೆ ಕೆರೆಯ ಕೆಳಗೇ ಇತ್ತು, ಮನೆಯಲ್ಲಿ ಕೂಸಿತ್ತು. ತಲೆಬರಹ ಓದಿದವಳು ಕೆಟಲನ್ನು ಅಲ್ಲೇ ಬಿಟ್ಟು ಓಡಿದ್ದಳು. ಇಪ್ಪತ್ತೈದರ ನೀಲಗಂಗಾ ಅದನ್ನು ಕಿಟಕಿಯಿಂದ ನೋಡಿ ನಕ್ಕು, ತಲೆಬರಹವನ್ನು ಹಾಗೆಯೇ ಪ್ರಕಟಣೆಗೆ ಕಳಿಸಿದ್ದಳು.

ಅಂಗಾಲು ಈಗ ಉರಿಯತೊಡಗಿತು. ಹಜರತ್‌ಬಿಯ ಕಾಲಲ್ಲೂ ಅವತ್ತು ಚಪ್ಪಲಿ ಇರಲಿಲ್ಲ.